ಬೆಳೆ, ಬೆಲೆ ಮತ್ತು ಒಂದು ಶಿಫ್ಟ್ ಕೀಲಿ

ಮೂರು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪಿನ ಎಫ್ ಕೀಲಿ ಕೆಟ್ಟಿತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಇಪ್ಪತ್ತಾರರಲ್ಲಿ ಒಂದು ಅಕ್ಷರದ ನಷ್ಟ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬರೆಯುವವರಿಗೆ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಅಲ್ಲಿ ವ್ಯಂಜನದಿಂದ ಸ್ವರವನ್ನು ಕಳೆಯುವ ಕೆಲಸ ಎಫ್‌ನದು. ಅದು ಕೈಕೊಟ್ಟರೆ ಒಂದೇ ಒಂದು ಒತ್ತಕ್ಷರವೂ ಮೂಡುವುದಿಲ್ಲ. ಆ ದಿನ ನಾನು 'ಕನ್ನಡ' ಎಂದು ಒತ್ತಿದೆ, ಪರದೆಯ ಮೇಲೆ 'ಕನನಡ' ಬಂತು. 'ಅಮ್ಮ' ಎಂದರೆ 'ಅಮಮ'. ಅರ್ಧ ಪುಟ ಹಾಗೆಯೇ ಒತ್ತಿಕೊಂಡು ಹೋಗಿ, ಆಮೇಲೆ ಓದಿ ನೋಡಿದಾಗ ನನ್ನ ಭಾಷೆಯ ಬೆನ್ನುಮೂಳೆಯನ್ನೇ ಯಾರೋ ತೆಗೆದಂತಿತ್ತು.

ಯಂತ್ರ ತೆಳುವಾಗಿತ್ತು, ಚೆನ್ನಾಗಿತ್ತು, ಎರಡು ವರ್ಷವೂ ತುಂಬಿರಲಿಲ್ಲ. ಕೋಲಾರದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನ ಹತ್ತಿರ ಒಯ್ದೆ. ಅವನು ತಳದ ಮುಚ್ಚಳ ಬಿಚ್ಚಿ, ಬ್ಯಾಟರಿ ತೆಗೆಯಲು ಹೋಗಿ, ಅದು ಅಂಟಿನಲ್ಲಿ ಕೂತಿರುವುದನ್ನು ಕಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಬೋರ್ಡಿನ ಅಂಚನ್ನು ಎತ್ತಿ ಟಾರ್ಚ್ ಹಿಡಿದ.

"ಸಾರ್, ಬನ್ನಿ, ನೋಡಿ. ಕೀಬೋರ್ಡ್‌ನ ಮೇಲಿನ ಬಾಡಿಗೇ ಕೂರಿಸಿಬಿಟ್ಟವ್ರೆ. ಇವೆಲ್ಲಾ ಪ್ಲಾಸ್ಟಿಕ್ ರಿವಿಟ್ಟು, ಕಾಯಿಸಿ ಒತ್ತಿರೋದು. ಕಿತ್ತರೆ ಮತ್ತೆ ಕೂರಲ್ಲ."

ನಾನೂ ಬಗ್ಗಿ ನೋಡಿದೆ. ಕಪ್ಪು ತಗಡಿನ ತುಂಬ ಸಾಸಿವೆ ಕಾಳಿನಷ್ಟು ಪ್ಲಾಸ್ಟಿಕ್ ಗುಬ್ಬಿಗಳು. ನಲವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟೆ. ಒಂದೂ ಸ್ಕ್ರೂ ಅಲ್ಲ. ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದಾಗ ಮೇಲಿನ ಬಾಡಿ ಪೂರ್ತಿ ಬದಲಾಯಿಸಬೇಕು, ಅದರ ಜೊತೆಗೆ ಬ್ಯಾಟರಿಯನ್ನೂ ಕೊಳ್ಳಬೇಕು ಎಂದರು. ಒಂದು ಕೀಲಿಯ ಕೆಳಗಿನ ಒಂದು ಚೂರು ರಬ್ಬರಿಗಾಗಿ ಯಂತ್ರದ ಬೆಲೆಯ ಮೂರನೇ ಒಂದು ಭಾಗ. ಯಂತ್ರದಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದ್ದುದರಿಂದ ಕ್ಯಾಪ್ಸ್ ಲಾಕ್ ಕೀಲಿಯನ್ನೇ ಎಫ್ ಆಗಿ ಬದಲಿಸಿಕೊಂಡು ಎರಡು ತಿಂಗಳು ನೂಕಿದೆ. ಆ ಎರಡು ತಿಂಗಳಲ್ಲಿ ಲ್ಯಾಪ್‌ಟಾಪ್ ಆರಿಸುವ ನಮ್ಮ ರೀತಿಯೇ ತಪ್ಪು ಎಂಬುದು ನನಗೆ ಸ್ಪಷ್ಟವಾಯಿತು.

ನಾವು ಹೇಗೆ ಆರಿಸುತ್ತೇವೆ? ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ತೂಕ ಎಷ್ಟು, ಯಾವ ಕಾರ್ಡಿಗೆ ಎಷ್ಟು ರಿಯಾಯಿತಿ. ಯೂಟ್ಯೂಬಿನಲ್ಲಿ ಪೆಟ್ಟಿಗೆ ಬಿಚ್ಚುವುದನ್ನು ತೋರಿಸುವವರು ಆ ಯಂತ್ರವನ್ನು ಹತ್ತು ದಿನ ಇಟ್ಟುಕೊಂಡಿರುತ್ತಾರೆ. ಕನ್ನಡದಲ್ಲಿ ಒಂದು ಪುಟ ಒತ್ತಿ ನೋಡಿದವರನ್ನು ನಾನು ಇದುವರೆಗೆ ಕಂಡಿಲ್ಲ. ಕೀಬೋರ್ಡಿನ ಬಗ್ಗೆ ಬಂದರೂ 'ಕೀಗಳು ಮೆತ್ತಗಿವೆ, ಕೆಳಗೆ ಬೆಳಕಿದೆ' ಎಂಬಲ್ಲಿಗೆ ಮುಗಿಯಿತು. ದಿನಕ್ಕೆ ಆರು ಗಂಟೆ ನಮ್ಮ ಬೆರಳು ಇರುವ ಜಾಗ ಅದು.

ಕೆ. ಪಿ. ರಾವ್ ವಿನ್ಯಾಸದ ಹೆಚ್ಚುಗಾರಿಕೆ ಎಂದರೆ ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ಕನ್ನಡವನ್ನು ಹಿಡಿದದ್ದು. ರಾವ್ ಅವರು ಅಚ್ಚಿನ ಮೊಳೆ, ಫೋಟೋಟೈಪ್‌ಸೆಟ್ಟಿಂಗ್ ಎಲ್ಲವನ್ನೂ ಕೈಯಾರೆ ಬಲ್ಲವರು. ಟಾಟಾ ಪ್ರೆಸ್, ಮೊನೊಟೈಪ್‌ಗಳಲ್ಲಿ ದುಡಿದವರು. 'ಸೇಡಿಯಾಪು' ತಂತ್ರಾಂಶ ಮಾಡಿ ಹಂಚಿದವರು. ಕನ್ನಡಕ್ಕೆ ಬೇರೆ ಯಂತ್ರ ಬೇಡ, ಇರುವ ಯಂತ್ರವೇ ಸಾಕು ಎಂದು ಅವರು ತೋರಿಸಿಕೊಟ್ಟಿದ್ದರಿಂದಲೇ ಅದು ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಕ್ಕೂ ಸರ್ಕಾರದ ಶಿಷ್ಟತೆಗೂ ಅಡಿಪಾಯವಾಯಿತು. ಆದರೆ ಆ ಮಿತವ್ಯಯಕ್ಕೆ ಒಂದು ಕಂದಾಯ ಇದೆ, ಅದನ್ನು ಕಟ್ಟುವುದು ಶಿಫ್ಟ್ ಕೀಲಿ. ದೀರ್ಘಸ್ವರಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಣ, ಳ, ಶ ಅಕ್ಷರಗಳಿಗೆ ಶಿಫ್ಟ್, ಅನುಸ್ವಾರಕ್ಕೂ ಶಿಫ್ಟ್.

ನಮ್ಮ ಊರುಗಳ ಹೆಸರನ್ನೇ ಒತ್ತಿ ನೋಡಿ. 'ಕೋಲಾರ' ಐದು ಒತ್ತು, ಅದರಲ್ಲಿ ಎರಡು ಶಿಫ್ಟ್ ಹಿಡಿದು. 'ಮಾಲೂರು' ಆರರಲ್ಲಿ ಎರಡು. 'ಬಂಗಾರಪೇಟೆ' ಒಂಬತ್ತರಲ್ಲಿ ಮೂರು. 'ಶ್ರೀನಿವಾಸಪುರ' ಹನ್ನೆರಡು ಒತ್ತು, ಮೂರು ಶಿಫ್ಟ್, ಒಂದು ಎಫ್. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೂ ಹೆಸರುಗಳಿಗೂ ಬಿಟ್ಟರೆ ಶಿಫ್ಟ್ ಬೇಕಾಗುವುದೇ ಅಪರೂಪ. ನಮಗೆ ಅದು ಹೆಚ್ಚುಕಡಿಮೆ ಪದಕ್ಕೊಂದು ಸಲ ಬೇಕು. ಎಡಗೈ ಅಕ್ಷರಗಳಿಗೆ ಬಲಗಡೆಯ ಶಿಫ್ಟ್, ಬಲಗೈ ಅಕ್ಷರಗಳಿಗೆ ಎಡಗಡೆಯದು. ಹಾಗಾಗಿ ಎರಡೂ ಬದಿಯಲ್ಲಿ ಅಗಲವಾದ ಶಿಫ್ಟ್ ಇಲ್ಲದ ಕೀಬೋರ್ಡ್ ಕನ್ನಡಕ್ಕೆ ಅರ್ಧ ಕೀಬೋರ್ಡ್.

ಇದು ಕೊಳ್ಳುವಾಗ ಎಲ್ಲಿ ಕೈಕೊಡುತ್ತದೆ ಎಂದು ಹೇಳುತ್ತೇನೆ. ಬೆಂಗಳೂರಿನ ಎಸ್. ಪಿ. ರೋಡಿನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪುಗಳಲ್ಲಿ ಹೊರದೇಶದ ಕಚೇರಿಗಳಲ್ಲಿ ದುಡಿದು ಬಂದವೂ ಇರುತ್ತವೆ. ಬ್ರಿಟನ್ನಿನಿಂದ ಬಂದದ್ದಾದರೆ ಎಡಗಡೆಯ ಶಿಫ್ಟ್ ಅರ್ಧ ಉದ್ದಕ್ಕೆ ಮೊಟಕಾಗಿರುತ್ತದೆ. ಅದಕ್ಕೂ ಜಡ್‌ಗೂ ನಡುವೆ ಓರೆಗೆರೆಯ ಒಂದು ಹೆಚ್ಚಿನ ಕೀಲಿ ಸೇರಿಕೊಂಡಿರುತ್ತದೆ. ಎಂಟರ್ ಕೀಲಿ ಎರಡು ಅಂತಸ್ತಿನದು. ಅಂಗಡಿಯಲ್ಲಿ ನೋಡುವಾಗ ಕಣ್ಣಿಗೆ ಬೀಳುವುದಿಲ್ಲ. ಮನೆಗೆ ಬಂದು 'ಬೆಳೆ' ಎಂದು ಒತ್ತಿದಾಗ ಕಿರುಬೆರಳು ಶಿಫ್ಟ್ ಸಿಕ್ಕಿತೆಂದುಕೊಂಡು ಆ ಹೆಚ್ಚಿನ ಕೀಲಿಯ ಮೇಲೆ ಕೂರುತ್ತದೆ, ನಡುವೆ ಒಂದು ಓರೆಗೆರೆ ಬಿದ್ದು ಳ ಹೋಗಿ ಲ ಬರುತ್ತದೆ. ಓರೆಗೆರೆ ಬಿದ್ದರೆ ಕಣ್ಣಿಗಾದರೂ ಕಾಣುತ್ತದೆ. ಬೆರಳು ಶಿಫ್ಟನ್ನು ಅರೆಬರೆ ಒತ್ತಿದಾಗ ಓರೆಗೆರೆಯೂ ಇಲ್ಲ, 'ಬೆಳೆ' ಸದ್ದಿಲ್ಲದೆ 'ಬೆಲೆ' ಆಗಿಬಿಡುತ್ತದೆ. ಕಾಗುಣಿತ ಪರೀಕ್ಷಕ ಏನೂ ಹೇಳುವುದಿಲ್ಲ, ಎರಡೂ ಸರಿಯಾದ ಪದಗಳೇ. ಕೋಲಾರದ ಟೊಮೆಟೊ ಮಾರುಕಟ್ಟೆಯ ಬಗ್ಗೆ ವರದಿ ಬರೆಯುವ ನನ್ನಂಥವನಿಗೆ ಈ ಎರಡು ಪದಗಳೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬರುತ್ತವೆ. 'ಈ ಸಲ ಬೆಳೆ ಕುಸಿದಿದೆ' ಎಂಬುದಕ್ಕೂ 'ಈ ಸಲ ಬೆಲೆ ಕುಸಿದಿದೆ' ಎಂಬುದಕ್ಕೂ ರೈತನ ಮನೆಯಲ್ಲಿ ಎಷ್ಟು ಅಂತರ ಎಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಿನಕ್ಸ್ ಈ ಸಂಕಟಕ್ಕೆ ಮದ್ದು ಕೊಡುತ್ತದೆ. ಯುಡೆವ್‌ನ ಹಾರ್ಡ್‌ವೇರ್ ಕಡತದಲ್ಲಿ ಒಂದೆರಡು ಸಾಲು ಬರೆದರೆ ಆ ಹೆಚ್ಚಿನ ಕೀಲಿಯೇ ಇನ್ನೊಂದು ಶಿಫ್ಟ್ ಆಗುತ್ತದೆ. ಯಾವ ಡೆಸ್ಕ್‌ಟಾಪ್ ಹಾಕಿದರೂ, ಅದರ ಕೆಳಗೆ ಎಕ್ಸ್ ಇರಲಿ ವೇಲ್ಯಾಂಡ್ ಇರಲಿ, ಆ ಬದಲಾವಣೆ ಹಾಗೇ ಉಳಿಯುತ್ತದೆ. ಕ್ಯಾಪ್ಸ್ ಲಾಕ್ ಎಫ್ ಆದದ್ದೂ ಇದೇ ದಾರಿಯಲ್ಲಿ. ಕೀಲಿಮಣೆಯನ್ನು ಬಳಸುವವನ ಕೈಗೆ ಒಪ್ಪಿಸಿಬಿಡುವ ಈ ಗುಣಕ್ಕಾಗಿಯೇ ನಾನು ಲಿನಕ್ಸ್ ಬಿಟ್ಟುಕೊಡಲಾರೆ. ಕೆ. ಪಿ. ರಾವ್ ವಿನ್ಯಾಸ ಅಲ್ಲಿ ಅಕ್ಷರ ಮೂಡಿಸುವ ಎರಡು ವ್ಯವಸ್ಥೆಗಳಲ್ಲಿ ಸಿಗುತ್ತದೆ: ಐಬಸ್‌ನ ಎಂ17ಎನ್ ಪಟ್ಟಿಯಲ್ಲಿ ಒಂದು, ಎಕ್ಸ್‌ಕೆಬಿಯಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಇನ್ನೊಂದು. ಮೊದಲನೆಯದು ಹಿಂದಿನ ಅಕ್ಷರ ನೋಡಿಕೊಂಡು ಸ್ವರವನ್ನು ತಾನೇ ಗುಣಿತವಾಗಿಸುತ್ತದೆ, ನುಡಿಗೆ ಒಗ್ಗಿದ ಕೈಗೆ ಅದೇ ಹಿತ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರ ಕಥೆ ಬೇರೆ. ಅವರಿಗೆ ಚ, ಟ, ಡ ಇರುವುದು ಬಲತುದಿಯ ವಿರಾಮಚಿಹ್ನೆಗಳ ಕೀಲಿಗಳಲ್ಲಿ, ಸಣ್ಣ ಲ್ಯಾಪ್‌ಟಾಪುಗಳಲ್ಲಿ ಮೊದಲು ಕತ್ತರಿ ಬೀಳುವುದೂ ಅಲ್ಲಿಗೇ. ಅವರು ಕೊಳ್ಳುವಾಗ ಆ ತುದಿಯನ್ನು ಬೆರಳಿಟ್ಟು ನೋಡಲೇಬೇಕು.

ಅಂದಹಾಗೆ, ಲಿನಕ್ಸ್ ಕನ್ನಡದವರಿಗೆ ಆಗಿಬರುವುದಿಲ್ಲ ಎನ್ನುವವರು ಕಾಸರಗೋಡಿಗೆ ಹೋಗಿ ನೋಡಬೇಕು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳ ಸರ್ಕಾರದ ಯೋಜನೆಯಲ್ಲಿ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮಲ್ಲಿ ನಿಜವಾದ ತೊಡಕು ಹಳೆಯ ನುಡಿ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳದ್ದು. ಯೂನಿಕೋಡ್ ಅಲ್ಲದ ಅವು ತೆರೆದರೆ ಕಲಸುಮೇಲೋಗರ. ಪರಿವರ್ತಿಸುವ ಸಾಧನಗಳಿವೆ, ಕೂತು ಮಾಡಿದರೆ ಆಗುತ್ತದೆ.

ಇನ್ನು ರಿಪೇರಿ. ಅಂಕ ಕೊಡುವ ವಿದೇಶಿ ಪಟ್ಟಿಗಳನ್ನು ನೋಡುವ ಮೊದಲು ನಾನು ನಮ್ಮ ಜಿಲ್ಲೆಯ ಒಂದು ಪದ್ಧತಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಕೋಲಾರ ವರ್ಷವಿಡೀ ಹರಿಯುವ ನದಿಯಿಲ್ಲದ ನೆಲ, ಬೋರ್‌ವೆಲ್ ಸಾವಿರ ಅಡಿ ದಾಟಿ ಇಳಿದಿರುವ ನೆಲ. ಆ ಆಳದಲ್ಲಿ ಮೋಟ್ರು ಸುಡುವುದು ಮಾಮೂಲು. ಸುಟ್ಟ ಮೋಟ್ರನ್ನು ಮೇಲೆತ್ತಿ, ಟೆಂಪೊದಲ್ಲಿ ಹಾಕಿ, ಮುಳಬಾಗಿಲಿಗೋ ಶ್ರೀನಿವಾಸಪುರಕ್ಕೋ ತಂದರೆ ವೈಂಡಿಂಗ್ ಅಂಗಡಿಯವನು ಸುಟ್ಟ ತಂತಿ ಕಿತ್ತು, ತೂಗಿ, ಹೊಸ ತಾಮ್ರ ಸುತ್ತಿ ಕೊಡುತ್ತಾನೆ. ಗಿಡ ಬಾಡುವುದರೊಳಗೆ ನೀರು ಮತ್ತೆ ಬರಬೇಕು. ಅದಕ್ಕೇ ಹೊಸ ಮೋಟ್ರು ಕೊಳ್ಳುವ ರೈತ ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಒಂದು ಇದು: "ಇದು ನಮ್ಮೂರಲ್ಲೇ ವೈಂಡಿಂಗ್ ಆಗ್ತದಾ?" ಇಲ್ಲ ಎಂದರೆ ಎಷ್ಟೇ ಹೆಸರಾದ ಕಂಪನಿಯದ್ದಾದರೂ ಅವನು ಮುಟ್ಟುವುದಿಲ್ಲ. ಅರವತ್ತು ಎಪ್ಪತ್ತು ಸಾವಿರ ಕೊಟ್ಟು ಲ್ಯಾಪ್‌ಟಾಪ್ ತರುವ ಅದೇ ರೈತನ ಮಗನೋ ಮಗಳೋ ಆ ಪ್ರಶ್ನೆ ಕೇಳುವುದಿಲ್ಲ. ಅಪ್ಪನ ವಿವೇಕ ಮಕ್ಕಳ ಕೈಗೆ ಬರಲಿಲ್ಲವಲ್ಲ ಎಂಬುದು ನನ್ನ ನಿಜವಾದ ನೋವು.

ಈ ಪ್ರಶ್ನೆ ಹಿಡಿದುಕೊಂಡು ಹುಡುಕಿದಾಗ ನಾನು ಬಂದು ನಿಂತದ್ದು ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ480 ಎಂಬ 2018ರ ಯಂತ್ರದ ಮುಂದೆ. ಹಳೆಯದನ್ನೇ ಕೊಂಡೆ. ಈಗ ಎರಡೂವರೆ ವರ್ಷವಾಗಿದೆ. ಲಿನಕ್ಸ್ ಬಳಸುವವರಲ್ಲಿ ಈ ಸಾಲಿನ ಬಗ್ಗೆ ಒಂದು ಬಗೆಯ ಭಕ್ತಿಯೇ ಇದೆ, ನಾನು ಭಕ್ತನಾಗಿ ಬರೆಯುತ್ತಿಲ್ಲ. ಆದರೆ ಅದರ ತಳ ಬಿಚ್ಚಿ ನೋಡಿದ ದಿನ ನನಗೆ ಸಂತೋಷವಾದದ್ದು ನಿಜ. ಆರು ಸ್ಕ್ರೂ, ಬಿಚ್ಚಿದರೂ ಮುಚ್ಚಳದಲ್ಲೇ ಉಳಿಯುತ್ತವೆ, ಕೆಳಗೆ ಬಿದ್ದು ಕಳೆದುಹೋಗುವುದಿಲ್ಲ. ಮೆಮೊರಿಗೆ ಎರಡು ಸ್ಲಾಟ್. ಡಿಸ್ಕ್ ಬೇರೆ, ವೈಫೈ ಕಾರ್ಡ್ ಬೇರೆ, ಫ್ಯಾನ್ ಬೇರೆ. ಕೀಬೋರ್ಡ್ ಕೂಡ ಬೇರೆ: ತಳದ ಸ್ಕ್ರೂ ಸಡಿಲಿಸಿ, ಮೇಲಿನ ಚೌಕಟ್ಟನ್ನು ಜಾರಿಸಿದರೆ ಮೇಲಿಂದಲೇ ಎತ್ತಬಹುದು, ಬೋರ್ಡನ್ನು ಮುಟ್ಟಬೇಕಾಗಿಲ್ಲ. ಬ್ರಿಟನ್ನಿನ ಕೀಬೋರ್ಡ್ ಇದ್ದರೆ ಅದನ್ನು ತೆಗೆದು ಅಮೆರಿಕದ್ದನ್ನು ಕೂರಿಸಬಹುದು, ಮೊಟಕು ಶಿಫ್ಟಿನ ಸಮಸ್ಯೆ ಬೇರುಸಮೇತ ಹೋಗುತ್ತದೆ. ಪ್ರತಿ ಭಾಗದ ಮೇಲೂ ಒಂದು ನಂಬರ್ ಅಚ್ಚಾಗಿದೆ. ಆ ನಂಬರನ್ನು ಎಸ್. ಪಿ. ರೋಡಿಗೆ ವಾಟ್ಸಾಪ್ ಮಾಡಿದರೆ ಮಾರನೆಯ ದಿನದ ಬಸ್ಸಿನಲ್ಲಿ ಭಾಗ ಕೋಲಾರಕ್ಕೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ ಎಂದು ಚಿತ್ರ ಸಮೇತ ಹೇಳುವ ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲನ್ನು ಕಂಪನಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಹಿರಂಗವಾಗಿ ಇಟ್ಟಿದೆ. ಐಬಿಎಂ ಕಾಲದಿಂದ ಬಂದ ಈ ಪದ್ಧತಿಯನ್ನು 2005ರಲ್ಲಿ ಕೈಬದಲಾದ ಮೇಲೂ ಲೆನೊವೊ ಉಳಿಸಿಕೊಂಡದ್ದು ದೊಡ್ಡ ಮಾತು. ನಮ್ಮ ರಿಪೇರಿ ಹುಡುಗನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಚಿತ್ರ ನೋಡಿಯೇ ಅವನು ಎಲ್ಲವನ್ನೂ ಬಿಚ್ಚುತ್ತಾನೆ.

ಬ್ಯಾಟರಿ ಎರಡು. ಒಳಗೆ ಒಂದು ಚಿಕ್ಕದು, ಹಿಂದೆ ಎಳೆದು ತೆಗೆಯುವಂಥದ್ದು ಇನ್ನೊಂದು. ಹೊರಗಿನದನ್ನು ಕಿತ್ತು ಬೇರೆಯದನ್ನು ಹಾಕುವಷ್ಟು ಹೊತ್ತು ಒಳಗಿನದು ಯಂತ್ರವನ್ನು ಹಿಡಿದಿರುತ್ತದೆ, ಬರೆಯುತ್ತಿದ್ದ ವಾಕ್ಯ ನಿಲ್ಲುವುದಿಲ್ಲ. ಹಳ್ಳಿಯಲ್ಲಿ ಕರೆಂಟ್ ಪಾಳಿಯಲ್ಲಿ ಬರುವ ಕಡೆ ಕೂತು ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಈಗಿನ ಯಾವ ತೆಳು ಯಂತ್ರದಲ್ಲೂ ನಾನು ಕಂಡಿಲ್ಲ. ಲಿನಕ್ಸ್ ಕರ್ನಲ್‌ನಲ್ಲಿಯೇ ಥಿಂಕ್‌ಪ್ಯಾಡಿಗೆ ಚಾಲಕ ಇರುವುದರಿಂದ ನೂರಕ್ಕೆ ಎಂಬತ್ತರಷ್ಟು ತುಂಬಿದ ಮೇಲೆ ಚಾರ್ಜ್ ನಿಲ್ಲಿಸು ಎಂದು ಹೇಳಿಡಬಹುದು. ನನ್ನ ಒಳ ಬ್ಯಾಟರಿ ಇನ್ನೂ ಬಾಳುತ್ತಿರುವುದಕ್ಕೆ ಅದೇ ಕಾರಣ ಎಂದು ನಂಬಿದ್ದೇನೆ. ಬಯೋಸ್ ಮುಂತಾದ ಫರ್ಮ್‌ವೇರ್ ಕೂಡ ಲಿನಕ್ಸ್‌ನೊಳಗಿಂದಲೇ, ಎಫ್‌ಡಬ್ಲ್ಯುಅಪ್‌ಡಿ ಎಂಬ ಸಾಧನದ ಮೂಲಕ, ಹೊಸದಾಗುತ್ತದೆ. ಅದಕ್ಕಾಗಿ ವಿಂಡೋಸ್ ಹಾಕಿಕೊಳ್ಳಬೇಕಾದ ಕಾಲ ಹೋಯಿತು.

ದೋಷಗಳನ್ನೂ ಹೇಳಬೇಕು, ಕಡಿಮೆ ಏನಿಲ್ಲ. ಬೆರಳಚ್ಚು ಓದುವ ಭಾಗ ಲಿನಕ್ಸ್‌ನಲ್ಲಿ ಸೀದಾ ನಡೆಯುವುದಿಲ್ಲ, ಹೊರಗಿನವರು ಬರೆದ ತಂತ್ರಾಂಶ ಹಾಕಿ ಗುದ್ದಾಡಬೇಕು. ನಾನು ಬಿಟ್ಟುಬಿಟ್ಟೆ. ಪ್ರೊಸೆಸರಿಗೆ ನಾಲ್ಕೇ ಕೋರ್. ದೊಡ್ಡ ಪ್ರೋಗ್ರಾಮ್ ಕಂಪೈಲ್ ಮಾಡುವಾಗ ಫ್ಯಾನ್ ಕೂಗುತ್ತದೆ, ಎಡ ಅಂಗೈ ಬಿಸಿಯಾಗುತ್ತದೆ. ಇದೇ ಕಂಪನಿ ಇನ್ನೂ ಹಳೆಯ ಮಾದರಿಗಳಲ್ಲಿ ತಾನು ಒಪ್ಪದ ವೈಫೈ ಕಾರ್ಡ್ ಹಾಕಿದರೆ ಯಂತ್ರವೇ ಏಳದಂತೆ ಬಯೋಸಿನಲ್ಲಿ ಬೀಗ ಹಾಕಿತ್ತು ಎಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಪರದೆ. ಅಗ್ಗಕ್ಕೆ ಸಿಗುವ ಎಷ್ಟೋ ಟಿ480ಗಳಲ್ಲಿ 1366ಕ್ಕೆ 768ರ ಪರದೆ ಇದೆ. ಇಂಗ್ಲಿಷಿಗೆ ಹೇಗೋ ನಡೆದೀತು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವಂಥದ್ದು, 'ರಾಷ್ಟ್ರ'ದಲ್ಲಿ ಒಂದರ ಕೆಳಗೆ ಎರಡು. ಅಷ್ಟು ಚುಕ್ಕೆಗಳಲ್ಲಿ ಅದು ಕಲೆಯಾಗಿ ಕಾಣುತ್ತದೆ, ಟ ಒತ್ತೋ ರ ಒತ್ತೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. 1920ಕ್ಕೆ 1080ರ ಪರದೆ ಇಲ್ಲದ ಯಂತ್ರವನ್ನು ಕನ್ನಡ ಬರೆಯುವವರು ಕೊಳ್ಳಲೇಬಾರದು. ಕೊಂಡಿದ್ದರೆ, ಪರದೆ ಬದಲಿಸುವುದು ಇದರಲ್ಲಿ ಅರ್ಧ ಗಂಟೆಯ ಕೆಲಸ ಎಂಬುದೊಂದು ಸಮಾಧಾನ.

ಹಳೆಯ ಏಳು ಸಾಲಿನ ಕೀಬೋರ್ಡಿಗಾಗಿ ಹಂಬಲಿಸುವವರನ್ನು ಕಂಡಿದ್ದೇನೆ. 2011ರ ಟಿ420, ಎಕ್ಸ್220ಗಳ ನಂತರ ಅದು ಹೋಯಿತು, 2012ರಿಂದ ಆರು ಸಾಲು. 2017ರಲ್ಲಿ ಬೆಳ್ಳಿಹಬ್ಬದ ಮಾದರಿಯೊಂದರಲ್ಲಿ ಮಾತ್ರ ಮರಳಿ ಬಂದಿತ್ತು. ಪ್ರೋಗ್ರಾಮ್ ಬರೆಯುವವರ ಹಂಬಲ ನನಗೆ ಅರ್ಥವಾಗುತ್ತದೆ. ಕನ್ನಡಕ್ಕೆ ಆ ಏಳನೇ ಸಾಲಿನಿಂದ ಏನೂ ಸಿಗುವುದಿಲ್ಲ. ನಮಗೆ ಬೇಕಾದದ್ದು ಅಗಲ ಶಿಫ್ಟ್, ಗಟ್ಟಿ ಎಫ್, ತಪ್ಪದೆ ಸಿಗುವ ಬ್ಯಾಕ್‌ಸ್ಪೇಸ್. ಬ್ಯಾಕ್‌ಸ್ಪೇಸ್ ಬಹಳ ಕಡೆ ಅಕ್ಷರವನ್ನು ಒಂದೇ ಸಲ ಅಳಿಸುವುದಿಲ್ಲ, ಒಳಗಿನ ಒಂದೊಂದು ತುಂಡನ್ನು ಕಳಚುತ್ತಾ ಬರುತ್ತದೆ. 'ಸ್ತ್ರೀ' ಅಳಿಸಲು ಆರು ಸಲ ಒತ್ತಬೇಕು. ಅದರ ಪಕ್ಕಕ್ಕೇ ಪವರ್ ಬಟನ್ ತಂದು ಕೂರಿಸಿರುವ ಹೊಸ ಮಾದರಿಗಳನ್ನು ನೋಡಿದರೆ ಭಯವಾಗುತ್ತದೆ. ಎಡಮೂಲೆಯಲ್ಲಿ ಕಂಟ್ರೋಲ್ ಇರಬೇಕಾದ ಕಡೆ ಎಫ್ಎನ್ ಇಡುವ ಥಿಂಕ್‌ಪ್ಯಾಡಿನ ಹಟ 2024ರ ಮಾದರಿಗಳಲ್ಲಿ ಕೊನೆಗೂ ಸಡಿಲವಾಗತೊಡಗಿತು. ಹಳೆಯದರಲ್ಲಿ ಬಯೋಸಿನೊಳಗೆ ಅದಲುಬದಲು ಮಾಡಿಕೊಳ್ಳಬಹುದು. ಬಲಗಡೆ ಅಂಕಿಗಳ ಗುಂಪು ಇರುವ ಹದಿನೈದು ಇಂಚಿನ ಯಂತ್ರ ಮಂಡಿಯಲ್ಲಿ ಟ್ಯಾಲಿ ಬರೆಯುವವರಿಗೆ ಬೇಕೇ ಬೇಕು. ಬರಹಗಾರರಿಗೆ ಅದರಿಂದ ಅಕ್ಷರಗಳೆಲ್ಲ ಎಡಕ್ಕೆ ಸರಿದು, ದಿನದ ಕೊನೆಗೆ ಹೆಗಲು ಹಿಡಿಯುತ್ತದೆ.

'ವರ್ಕ್‌ಸ್ಟೇಷನ್' ಎಂಬ ಹೆಸರಿನಲ್ಲಿ ಮಾರುವ ದೊಡ್ಡಣ್ಣಂದಿರ ಮಾತು ಬೇರೆ. ಥಿಂಕ್‌ಪ್ಯಾಡ್ ಪಿ ಸಾಲು, ಡೆಲ್ ಪ್ರಿಸಿಷನ್, ಎಚ್‌ಪಿ ಝಡ್‌ಬುಕ್. 2018ರ ಪಿ52ರಲ್ಲಿ ಮೆಮೊರಿಗೆ ನಾಲ್ಕು ಸ್ಲಾಟ್, 128 ಜಿಬಿವರೆಗೆ ಹಾಕಬಹುದು. ಕಟ್ಟಡದ ನಕ್ಷೆ, ಮೂರು ಆಯಾಮದ ಚಿತ್ರ, ದೊಡ್ಡ ದತ್ತಾಂಶ ಇಟ್ಟುಕೊಂಡು ಕೆಲಸ ಮಾಡುವವರಿಗೆ ಅದು ಸರಿ. ಆದರೆ ಎನ್‌ವಿಡಿಯಾ ಗ್ರಾಫಿಕ್ಸ್ ಜೊತೆಗೆ ಬರುತ್ತದೆ. ಕರ್ನಲ್ ಹೊಸದಾದಾಗಲೆಲ್ಲ ಅದರ ಚಾಲಕ ಸರಿಯಾಗಿ ಎದ್ದಿತೇ ಎಂದು ನೋಡಿಕೊಳ್ಳುವ ಕೆಲಸ ನಮ್ಮದು. ಬರೆಯುವುದು, ಪ್ರೋಗ್ರಾಮ್ ಮಾಡುವುದು ಇಷ್ಟೇ ಆದರೆ ಇಂಟೆಲ್ ಗ್ರಾಫಿಕ್ಸ್ ಮಾತ್ರ ಇರುವ ಯಂತ್ರ ನೆಮ್ಮದಿ. ತೆಳುವಾಗಿಸುವ ಹುಚ್ಚಿನಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆಯುವ ಚಾಳಿ ಟಿ ಸಾಲಿಗೂ ತಗುಲಿತ್ತು. ಟಿ480ರ ನಂತರದ ಎಷ್ಟೋ ಮಾದರಿಗಳಲ್ಲಿ ಅರ್ಧ ಮೆಮೊರಿ ಬೆಸುಗೆಯದು, ಅದು ಕೆಟ್ಟರೆ ಬೋರ್ಡೇ ಹೋಯಿತು. 2024ರ ಟಿ14 ಐದನೇ ತಲೆಮಾರಿನಲ್ಲಿ ಎರಡು ಸ್ಲಾಟ್ ಮರಳಿ ಬಂದವು. ರಿಪೇರಿಗೆ ಅಂಕ ಕೊಡುವ ಐಫಿಕ್ಸಿಟ್ ಅದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿತು. ಅದೇ ವರ್ಷದ ಪಿ1 ಏಳನೇ ತಲೆಮಾರು, ತೆಳುವಾಗಿದ್ದೂ ಸ್ಕ್ರೂ ಬಿಚ್ಚಿ ತೆಗೆಯಬಲ್ಲ ಎಲ್‌ಪಿಕ್ಯಾಮ್2 ಎಂಬ ಹೊಸ ಬಗೆಯ ಮೆಮೊರಿ ಇಟ್ಟುಕೊಂಡು ಬಂತು. ಬೆಸೆಯದೆ ಗತಿಯಿಲ್ಲ ಎಂದು ಇಷ್ಟು ದಿನ ಹೇಳುತ್ತಿದ್ದ ನೆಪ ಅಲ್ಲಿಗೆ ಮುಗಿಯಿತು. ಅಮೆರಿಕದ ಫ್ರೇಮ್‌ವರ್ಕ್ ಕಂಪನಿ 2021ರಿಂದ ಮಾರುತ್ತಿರುವ, ಪ್ರತಿ ಭಾಗವನ್ನೂ ಬಳಕೆದಾರನೇ ಬದಲಿಸಬಹುದಾದ ಲ್ಯಾಪ್‌ಟಾಪಿನ ಬಗ್ಗೆ ಓದಿ ಆಸೆಪಟ್ಟಿದ್ದೇನೆ. ನಮ್ಮ ಕಡೆಯ ಯಾವ ಅಂಗಡಿಯಲ್ಲೂ ಅದನ್ನು ಕಂಡಿಲ್ಲ. ನನ್ನ ಅಳತೆಗೋಲಿನಲ್ಲಿ, ಇಲ್ಲಿ ಭಾಗ ಸಿಗದ ಯಂತ್ರ ಎಷ್ಟು ಸುಲಭವಾಗಿ ಬಿಚ್ಚಿಕೊಂಡರೂ ಪ್ರಯೋಜನವಿಲ್ಲ.

ಕಾಲ ನಮ್ಮ ಪರವಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಇಂಟೆಲಿನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಹೆಚ್ಚುಕಡಿಮೆ ಒಪ್ಪುವುದೇ ಇಲ್ಲ. ಕಂಪನಿಗಳು ಹೊರಹಾಕುವ ಏಳನೇ ತಲೆಮಾರಿನ ಟಿ470ರಂಥ ಯಂತ್ರಗಳಲ್ಲಿ ಕೆಟ್ಟದ್ದೇನೂ ಇಲ್ಲ. ಲಿನಕ್ಸಿನ ಡೆಬಿಯನ್ ಹಾಕಿದರೆ ಇನ್ನೂ ಆರೇಳು ವರ್ಷ ದುಡಿಯುತ್ತವೆ. ಮಾಲೂರಿನ ಡಿಪ್ಲೊಮಾ ವಿದ್ಯಾರ್ಥಿಗೆ, ಮುಳಬಾಗಿಲಿನ ಶಿಕ್ಷಕಿಗೆ ನಾನು ಹೇಳುವುದು ಇದನ್ನೇ: ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಕಚೇರಿಗೆಂದೇ ಮಾಡಿದ ಹಳೆಯದು ಮೇಲು. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಲಿನಕ್ಸ್ ಇರುವ ಪೆನ್‌ಡ್ರೈವ್ ಇರಲಿ. ಅದರಿಂದಲೇ ಯಂತ್ರ ಎಬ್ಬಿಸಿ, ವೈಫೈ ಹತ್ತುತ್ತದೆಯೇ ನೋಡಿ, ಮುಚ್ಚಳ ಹಾಕಿ ಮಲಗಿಸಿ ಎಬ್ಬಿಸಿ, ಆಮೇಲೆ ನಿಮ್ಮೂರಿನ ಹೆಸರನ್ನು ಕನ್ನಡದಲ್ಲಿ ಇಪ್ಪತ್ತು ಸಲ ಒತ್ತಿ.

ಕೋಲಾರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನರಸಾಪುರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಐಫೋನ್ ಜೋಡಿಸುವ ಕಾರ್ಖಾನೆ ಇರುವುದು ಅಲ್ಲಿ. ವಿಸ್ಟ್ರಾನ್ ಕಟ್ಟಿದ್ದು, 2020ರ ಡಿಸೆಂಬರ್ 12ರಂದು ಸಂಬಳದ ವಿಚಾರಕ್ಕೆ ಕಾರ್ಮಿಕರ ಸಿಟ್ಟು ಒಡೆದು ದೇಶದ ಸುದ್ದಿಯಾದದ್ದು, 2023ರಲ್ಲಿ ಟಾಟಾ ಕೈಗೆ ಬಂದದ್ದು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು, ಗಂಡುಮಕ್ಕಳು ಎಳ್ಳಿನಷ್ಟು ಸ್ಕ್ರೂಗಳನ್ನು ಅಲ್ಲಿ ದಿನವಿಡೀ ಕೂರಿಸುತ್ತಾರೆ. ಅಷ್ಟು ನಯವಾದ ಕೈಗಳು ಇರುವ ಜಿಲ್ಲೆಯಲ್ಲಿ ಒಂದು ಕೀಲಿ ಕೆಟ್ಟರೆ ಬೆಂಗಳೂರಿಗೆ ಹೋಗಬೇಕು ಎನ್ನುವುದನ್ನು ನಾನು ಒಪ್ಪಲಾರೆ. ಕೊರತೆ ಇರುವುದು ಕೈಯಲ್ಲಲ್ಲ. ಬಿಡಿಭಾಗ ಮಾರುವುದಿಲ್ಲ, ಕೈಪಿಡಿ ಕೊಡುವುದಿಲ್ಲ ಎಂಬ ತೀರ್ಮಾನ ಎಲ್ಲೋ ದೂರದಲ್ಲಿ ಆಗುತ್ತಿದೆ. ಫ್ರಾನ್ಸ್ 2021ರಿಂದ ಲ್ಯಾಪ್‌ಟಾಪಿನ ಬೆಲೆಯ ಪಕ್ಕದಲ್ಲೇ ರಿಪೇರಿಯ ಅಂಕವನ್ನು ಹತ್ತಕ್ಕೆ ಇಷ್ಟು ಎಂದು ಬರೆಯಬೇಕೆಂಬ ಕಾನೂನು ತಂದಿತು. ಕೈಪಿಡಿ ಸಿಗುತ್ತದೆಯೇ, ಬಿಚ್ಚಲು ಸುಲಭವೇ, ಭಾಗದ ಬೆಲೆ ಎಷ್ಟು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. 2025ರಲ್ಲಿ ರಿಪೇರಿ ಸೂಚ್ಯಂಕದ ಚೌಕಟ್ಟೂ ಅದರ ಕೈ ಸೇರಿತು. ಅಂಗಡಿಯ ಚೀಟಿಯ ಮೇಲೆ ಆ ಅಂಕ ಅಚ್ಚಾಗುವವರೆಗೆ ನಾವು ಕೇಳುತ್ತಲೇ ಇರಬೇಕು.

ಹೋದ ತಿಂಗಳು ಟಿ480ರ ಎಫ್ ಕೂಡ ಸವೆದು ಎರಡೆರಡು ಸಲ ಬೀಳತೊಡಗಿತು. ಅದೇ ಹುಡುಗನ ಅಂಗಡಿಗೆ ಹೋದೆ. ಒಳ ಬ್ಯಾಟರಿಯನ್ನು ಬಯೋಸಿನಲ್ಲಿ ಆರಿಸಿಕೊಂಡು ಬಂದಿದ್ದೆ. ಅವನು ಹೊರ ಬ್ಯಾಟರಿ ಎಳೆದ, ತಳ ಬಿಚ್ಚಿದ, ಚೌಕಟ್ಟು ಜಾರಿಸಿದ. ಚಹಾ ಬರುವುದರೊಳಗೆ ಹಳೆಯ ಕೀಬೋರ್ಡ್ ಮೇಜಿನ ಮೇಲಿತ್ತು. ಹೊಸದಕ್ಕೆ ಎರಡು ಸಾವಿರದೊಳಗೆ, ಅವನ ಕೂಲಿ ಮುನ್ನೂರು. ನಾನು 'ಬೆಳೆ', 'ಬೆಲೆ', 'ಕನ್ನಡ' ಒತ್ತಿ ನೋಡಿದೆ, ಮೂರೂ ಸರಿಯಾಗಿ ಬಂದವು. ಹಳೆಯದನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದಾಗ ಅವನು ಕೈ ಹಿಡಿದ.

"ಅದ್ನ ಇಲ್ಲೇ ಬಿಡಿ ಸಾರ್. ಎಫ್ಫು ಒಂದೇ ತಾನೇ ಹೋಗಿರೋದು? ಶ್ರೀನಿವಾಸಪುರದ ಮೇಷ್ಟ್ರೊಬ್ರ ಹತ್ರ ಇದೇ ಮಾಡಲ್ ಐತೆ. ಅವ್ರ ಮೊಮ್ಮಗು ಎಂ ಕೀ ಕಿತ್ತಾಕಿದೆ."

ಅವನು ಎಂ ಕೀಲಿಯ ಮುಚ್ಚಳವನ್ನೂ ಅದರ ಕೆಳಗಿನ ಬಿಳಿ ಕತ್ತರಿಯನ್ನೂ ಉಗುರಿನಿಂದ ಎಬ್ಬಿಸಿ, ಒಂದು ಮಾತ್ರೆ ಡಬ್ಬಿಯಲ್ಲಿ ಹಾಕಿ, ಮೇಲೆ ಪೆನ್ನಿನಿಂದ 'ಮೇಷ್ಟ್ರು' ಎಂದು ಬರೆದ.